ಥೀಸಿಸ್ ಮುಗಿಸಿದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಕಾಫಿ ಗಿಡ ಕೊರೆಯುವ ಹುಳದ ಮೇಲಿನ ನಿನ್ನ ಪಿಎಚ್‌ಡಿ ಆಯಿತೆಂದು ಕೇಳಿ ತುಂಬ ಖುಷಿಯಾಯಿತು. ಇನ್ನು ಮೇಲೆ ಡಾಕ್ಟ್ರೇ ಅಂತ ಕರೆಯಬೇಕಾ? ಕರೆಯುವುದಿಲ್ಲ, ಬಿಡು.

ಕಂಡುಕೊಂಡದ್ದನ್ನು ಜನರಿಗೆ ತಲುಪಿಸಬೇಕು, ವಿಡಿಯೊ ಮಾಡಲಾ, ಪೇಪರಿಗೆ ಬರೆಯಲಾ ಅಂತ ಕೇಳಿದ್ದೀಯ. ಎರಡೂ ಮಾಡು. ಆದರೆ ಮೊದಲು ನೀನು ಗಿಡ ಎಣಿಸಿದ ತೋಟಗಳವರಿಗೆ ಹೇಳು. ಅವರ ಕಾಫಿ ಕುಡಿದು, ಅವರ ಗಿಡಗಳಿಗೆ ಟ್ಯಾಗ್ ಕಟ್ಟಿ ಹೋದವನು ನೀನು. 'ನಿಮ್ಮ ಸ್ನೇಹಿತರು ಏನು ಕಂಡುಹಿಡಿದರು?' ಅಂತ ಇಲ್ಲಿ ಕೊಡಗಿನ ಸೋಮವಾರಪೇಟೆಯಲ್ಲಿ ಸಿಕ್ಕವರೆಲ್ಲ ನನ್ನನ್ನೇ ಕೇಳುತ್ತಾರೆ. ನಾನೇನು ಹೇಳಲಿ?

ಥೀಸಿಸ್‌ಗಳನ್ನು ಇಡುವ ಶೋಧಗಂಗಾ ಜಾಲತಾಣದಲ್ಲಿ ಇದೆ, ಯಾರು ಬೇಕಾದರೂ ಓದಬಹುದು ಅನ್ನುತ್ತೀಯ. ಕಾಸಿಲ್ಲದೆ ಸಿಗುವುದು ಸಣ್ಣ ಮಾತಲ್ಲ, ಒಪ್ಪಿದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ, ಸಂಶೋಧನಾ ಜರ್ನಲ್‌ಗಳಿಗೆ ತಾನೇ ಚಂದಾ ಕಟ್ಟುವ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತಲ್ಲ, ಅದೂ ಒಳ್ಳೆಯದೇ. 3 ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ಜರ್ನಲ್. ಆದರೆ ಅದು ಸರ್ಕಾರಿ ಕಾಲೇಜು, ಸಂಶೋಧನಾ ಸಂಸ್ಥೆಗಳಿಗೆ. ಮಾದಾಪುರದ ಬೆಳೆಗಾರ ಆ ಲೆಕ್ಕಕ್ಕೆ ಬರುವುದಿಲ್ಲ. ಬಂದರೂ, ಇಂಗ್ಲಿಷಿನಲ್ಲಿ ಅಷ್ಟು ಪುಟ ಓದುತ್ತಾ ಕೂರಲು ಅವನಿಗೆ ಪುರುಸೊತ್ತೆಲ್ಲಿ?

ನನಗೆ ನಿಜವಾಗಿ ಚಿಂತೆ ಇರುವುದು ಬೇರೆ ಕಡೆ. ಮರಗಳ ನೆರಳು ತೆಳುವಾದಲ್ಲಿ ಅರೇಬಿಕಾ ಕಾಫಿಗೆ ಬೋರರ್, ಅಂದರೆ ಬಿಳಿ ಕಾಂಡಕೊರಕ ಹುಳ, ಜಾಸ್ತಿ ಅನ್ನುವುದು ನಿನ್ನ ಥೀಸಿಸ್ಸಿನ ಸಾರ. ನಮ್ಮ ಹಿರಿಯರೂ ಅದನ್ನೇ ಹೇಳುತ್ತಿದ್ದರು. ಬಿಳಿ ಕಾಂಡಕೊರಕಕ್ಕೆ ಬಿಸಿಲು ಬೇಕು. ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಹುಳ ಒಳಗೆ ಸುರಂಗ ಕೊರೆಯುತ್ತದೆ, ಗಿಡ ಹಳದಿಯಾಗುತ್ತದೆ. ಇಷ್ಟನ್ನೇ ವಿಡಿಯೊದಲ್ಲಿ ಹೇಳಿ ಕೈತೊಳೆದುಕೊಂಡೆ ಅಂತಿಟ್ಟುಕೋ. ಒಬ್ಬ ಬೆಳೆಗಾರ ಅದನ್ನು ನಂಬಿ ಈ ವರ್ಷ ನೆರಳಿನ ಮರಗಳ ಕೊಂಬೆ ಕಡಿಸಿ ಕಪಾತು ಮಾಡಿಸುವುದಿಲ್ಲ. ಜುಲೈನಲ್ಲಿ ಜಡಿಮಳೆ ಹಿಡಿಯುತ್ತದೆ. ದಟ್ಟ ನೆರಳಿನ ಕೆಳಗೆ ಎಲೆ ಒಣಗುವುದೇ ಇಲ್ಲ. ಕೊಳೆರೋಗ ಬಂದು ಎಲೆ, ಕಾಯಿ ಎಲ್ಲ ಕಪ್ಪಾಗುತ್ತದೆ. ಅವನು ಬೈಯುವುದು ಹುಳವನ್ನಲ್ಲ, ನಿನ್ನನ್ನು. ನೀನು ಹುಳ ಒಂದನ್ನೇ ನೋಡಿದೆ. ಅವನು ಬೋರರ್, ಕೊಳೆರೋಗ, ಮರಕ್ಕೆ ಹಬ್ಬಿದ ಕರಿಮೆಣಸು, ಕೂಲಿ, ಬ್ಯಾಂಕ್ ಸಾಲ, ಎಲ್ಲವನ್ನೂ ಒಂದೇ ದಿನ ನೋಡಬೇಕು. ಹಾಗಾಗಿ ನಿನಗೆ ಗೊತ್ತಿರುವುದು ಎಲ್ಲಿಗೆ ಮುಗಿಯುತ್ತದೆ ಅನ್ನುವುದನ್ನೂ ಅಷ್ಟೇ ಜೋರಾಗಿ ಹೇಳು. ಯಾವ ತೋಟದಲ್ಲಿ ನೋಡಿದೆ, ಅಲ್ಲಿ ಹಲಸು, ಅತ್ತಿ ಇತ್ತೋ ಬರೀ ಸಿಲ್ವರ್ ಓಕ್ ಮರ ಇತ್ತೋ, ಮಳೆ ಎಷ್ಟಿತ್ತು, ಇವನ್ನೆಲ್ಲ ಹೇಳು. ವಿಡಿಯೊ ಮಾಡುವವರು ಮೊದಲು ಕತ್ತರಿಸುವುದು ಇದನ್ನೇ. ಬಿಡಬೇಡ.

ಮಳೆ ಅಂದಾಗ ನೆನಪಾಯಿತು. ನಿನ್ನ ಗ್ರಾಫ್‌ಗಳಲ್ಲೆಲ್ಲ ಮಿಲಿಮೀಟರ್, ಹೆಕ್ಟೇರ್. ಇಲ್ಲಿ ಮಳೆಯ ಲೆಕ್ಕ ಇಂಚು, ಇಂಚಿನ ನೂರನೇ ಭಾಗವಾದ ಸೆಂಟು. ಜಾಗ ಎಕರೆಯಲ್ಲಿ, ಫಸಲು ಮೂಟೆಯಲ್ಲಿ. ಬದಲಾಯಿಸಿ ತಾ. ಅಂದ ಹಾಗೆ, ಎಷ್ಟೋ ತೋಟಗಳಲ್ಲಿ ಅಜ್ಜನ ಕಾಲದಿಂದ ಬರೆದಿಟ್ಟ ಮಳೆ ಪುಸ್ತಕ ಇದೆ. ನೀನು ಅದನ್ನು ಕೇಳಲೇ ಇಲ್ಲ, ಅಲ್ವಾ? ಬಂದಾಗ ಕೇಳು. ನೀನು ಹೇಳುವುದಕ್ಕಿಂತ ಜಾಸ್ತಿ ಅವರೇ ಹೇಳಬಹುದು.

ಇನ್ನೊಂದು ವಿಷಯ. ಬೋರರ್ ಹೊಡೆದ ಗಿಡ ಹುಡುಕುವವರು ಮಾಲೀಕರಲ್ಲ. ತೋಟದ ಕೂಲಿಯವರ ಲೈನ್‌ಮನೆಯ ಹೆಂಗಸರು, ಅವರ ಜೊತೆ ತೋಟದ ಲೆಕ್ಕ, ಕೆಲಸ ನೋಡುವ ರೈಟರ್. ಕಾಂಡದ ಮೇಲೆ ಏಣು ಎದ್ದಿದೆಯಾ ಅಂತ ಕೈ ಸವರಿ ನೋಡುವವರು ಅವರು. ಯರವ ಭಾಷೆ, ಮಲಯಾಳ, ತಮಿಳು, ಈಗ ಅಸ್ಸಾಮಿನಿಂದ ಬಂದವರದ್ದು ಬೇರೆ. ಮಾಲೀಕರ ಸಭೆಯಲ್ಲಿ ಮಾತ್ರ ಮಾತಾಡಿ ಹೋದರೆ ಇವರಿಗೆ ಏನೂ ಮುಟ್ಟುವುದಿಲ್ಲ.

ತಮಿಳುನಾಡಿನ ವಾಲ್ಪಾರೈಯಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಮಾಡಿದ್ದು ನೋಡು. ಆನೆ ಹತ್ತಿರದಲ್ಲಿದೆ ಅಂತ ಗೊತ್ತಾಗದೆಯೇ ಜನ ಸಾಯುತ್ತಿದ್ದಾರೆ ಅನ್ನುವುದು ಅವರ ಅಧ್ಯಯನದಲ್ಲಿ ಕಂಡಿತು. ಅವರು ಪೇಪರ್ ಬರೆದು ಸುಮ್ನೆ ಕೂರಲಿಲ್ಲ. ಇವತ್ತು ಆನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜ್, ಊರಿನ ಕೇಬಲ್ ಟಿವಿಯಲ್ಲಿ ಒಂದು ಸಾಲು, ಎತ್ತರದ ಕಂಬದಲ್ಲಿ ಕೆಂಪು ದೀಪ. ಓದು ಬರದವರಿಗೂ ಕೆಂಪು ದೀಪ ಅರ್ಥವಾಗುತ್ತದೆ. ಇದರ ಮುಂದೆ ನಮ್ಮ ಕಡೆಯ ಕಾರ್ಯಾಗಾರಗಳು, ಹಾರ, ಶಾಲು, ಗುಂಪು ಫೋಟೊ, ಊಟ! ಅದರ ಬಗ್ಗೆ ಬರೆದರೆ ಪತ್ರ ಉದ್ದವಾಗುತ್ತದೆ.

ನಮ್ಮ ಕೊಡಗಿನ ಪತ್ರಿಕೆ 'ಶಕ್ತಿ'ಗೂ ಬರೆದುಕೊಡು, ಮಡಿಕೇರಿ ಆಕಾಶವಾಣಿಯಲ್ಲೂ ಮಾತಾಡು. ಆದರೆ ಅದೆಲ್ಲ ಆಮೇಲೆ.

ಮೊದಲು ಇಲ್ಲಿಗೆ ಬಾ. ಡಿಸೆಂಬರ್, ಜನವರಿ ಬೇಡ, ಕೊಯ್ಲಿನ ಗಡಿಬಿಡಿಯಲ್ಲಿ ಯಾರೂ ಸಿಗುವುದಿಲ್ಲ. ಏಪ್ರಿಲ್‌ನಲ್ಲಿ ಬೋರರ್ ದುಂಬಿ ಹಾರಲು ಶುರು, ಅಷ್ಟರಲ್ಲಿ ತಡವಾಗಿರುತ್ತದೆ. ಫೆಬ್ರವರಿ ಕೊನೆಗೆ ಬಾ. ಬೋರರ್ ಹೊಡೆದ ಗಿಡ ಹುಡುಕುವ ಮಾರ್ಚ್ ಟ್ರೇಸಿಂಗ್‌ಗೂ ಮುಂಚೆ, ಮರ ಕಪಾತಿಗೂ ಮುಂಚೆ ಆಗುತ್ತದೆ. ಪ್ರೊಜೆಕ್ಟರ್ ಹೊತ್ತುಕೊಂಡು ಬರಬೇಡ, ಇಲ್ಲಿ ಕರೆಂಟ್ ನಂಬುವ ಹಾಗಿಲ್ಲ. ಕನ್ನಡದಲ್ಲಿ ಒಂದೇ ಒಂದು ಹಾಳೆ ಬರೆದು ತಾ, ನಾನು ಮೊದಲೇ ಓದಿ ಅರ್ಥವಾಗದ್ದಕ್ಕೆ ಗೆರೆ ಎಳೆಯುತ್ತೇನೆ. ಬೋರರ್ ತಿಂದ ಕಾಂಡವನ್ನು ಕಣದಲ್ಲೇ ಸೀಳಿ ತೋರಿಸೋಣ. ರೈಟರಿಗೆ ಈಗಲೇ ಹೇಳಿಟ್ಟಿರುತ್ತೇನೆ. ದಿನ ಯಾವುದು ಅಂತ ಮಾತ್ರ ಬೇಗ ತಿಳಿಸು.

ನಿನ್ನ ಗೆಳೆಯ