ಕಿವಿ ಸೋರಿದರೆ ಸುಮ್ನೆ ಬಿಡಬೇಡಿ

ಮಾನ್ಯರೇ,

ಮಳೆಗಾಲ ಬಂತೆಂದರೆ ನಮ್ಮ ಮಲ್ಪೆ ಕಡೆ ಮಕ್ಕಳ ಕಿವಿ ಸೋರುವುದು ಮಾಮೂಲಿ. ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ಎರಡು ಹನಿ, ಮೇಲೊಂದು ಹತ್ತಿ. ಮುಗಿಯಿತು. ನನ್ನ ಅಕ್ಕನ ಮಗನಿಗೂ ಎರಡು ವರ್ಷ ಹೀಗೇ ನಡೆಯಿತು. ಬೆಳಿಗ್ಗೆ ದಿಂಬಿನ ಮೇಲೆ ಹಳದಿ ಕಲೆ, ಕೆಟ್ಟ ವಾಸನೆ. ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಜ್ವರ, ತಲೆನೋವು, ವಾಂತಿ ಶುರುವಾಯಿತು. ಪಿತ್ತ ಅಂದುಕೊಂಡೆವು. ಮೂರನೇ ದಿನ ಕರೆದರೂ ಕಣ್ಣು ಬಿಡಲಿಲ್ಲ. ಸಿ.ಟಿ. ಸ್ಕ್ಯಾನ್‌ನಲ್ಲಿ ಕಂಡದ್ದು ಮೆದುಳಿನಲ್ಲಿ ಕೀವು!

ಕಿವಿಗೂ ಮೆದುಳಿಗೂ ನಡುವೆ ಇರುವುದು ತೆಳ್ಳಗಿನ ಮೂಳೆ. ಹಳೆಯ ಸೋಂಕು ಅದನ್ನೇ ತಿಂದುಹಾಕಬಹುದು. ಸೈನಸ್‌, ಅಂದರೆ ಮೂಗಿನ ಸುತ್ತ, ಹಣೆಯ ಮೂಳೆಯೊಳಗಿನ ಟೊಳ್ಳುಗಳ ಸೋಂಕಿನದೂ ಹೆಚ್ಚುಕಮ್ಮಿ ಇದೇ ಕಥೆ. ಜ್ವರದ ಜೊತೆ ಹಣೆ ಊದಿದರೆ, ಕಣ್ಣಿನ ಸುತ್ತ ಬಾವು ಬಂದರೆ ಅದು ಹಬೆ ತೆಗೆದುಕೊಳ್ಳುತ್ತಾ ಕೂರುವ ಹೊತ್ತಲ್ಲ. ಆಪರೇಷನ್, ವಾರಗಟ್ಟಲೆ ಆ್ಯಂಟಿಬಯೋಟಿಕ್ ಆದ ಮೇಲೆ ಹುಡುಗ ಈಗ ಶಾಲೆಗೆ ಹೋಗುತ್ತಿದ್ದಾನೆ. ನಮ್ಮ ಪುಣ್ಯ.

ತೆಂಗಿನೆಣ್ಣೆಯ ಮೇಲೆ ನನಗೆ ಸಿಟ್ಟಿಲ್ಲ, ತಲೆಗೆ ದಿನಾ ಹಚ್ಚುತ್ತೇನೆ. ಒಳಗಿನ ತಮಟೆ (ಪರದೆ) ತೂತಾದ ಕಿವಿಗೆ ಮಾತ್ರ ಬೇಡ. ಶಾಲೆಗಳಲ್ಲಿ ಕಣ್ಣು, ಹಲ್ಲು ನೋಡುವಾಗ ಮಕ್ಕಳ ಕಿವಿಯನ್ನೂ ಸರಿಯಾಗಿ ನೋಡಬಹುದು, ಅಲ್ವಾ?

– ಓದುಗ, ಮಲ್ಪೆ, ಉಡುಪಿ