ವೋಲ್ಟೇಜ್ ಡಿವೈಡರ್ ಲೆಕ್ಕ: ಮಂಡಲಕ್ಕೆ ಲೋಡ್ ಸೇರಿದಾಗ

ಗುಂಪಿನ ಎಲ್ಲ ಸದಸ್ಯರ ಗಮನಕ್ಕೆ,

ವೋಲ್ಟೇಜ್ ಡಿವೈಡರ್ (ರೋಧಕಗಳ ಮೂಲಕ ವೋಲ್ಟೇಜನ್ನು ಹಂಚುವ ಮಂಡಲ, ಅಂದರೆ ಸರ್ಕ್ಯೂಟ್) ಲೆಕ್ಕಗಳ ಬಗ್ಗೆ ಮತ್ತೆ ಮತ್ತೆ ಒಂದೇ ಪ್ರಶ್ನೆ ಬರುತ್ತಿರುವುದರಿಂದ ಈ ಸೂಚನೆ: ಲೋಡ್, ಅಂದರೆ ಮಂಡಲದಿಂದ ವಿದ್ಯುತ್ತು ಪಡೆಯುವ ಸಾಧನ, ಸೇರಿದಾಗ ಉತ್ತರ ಏನಾಗುತ್ತದೆ? ಮೂಲ ಸೂತ್ರದಲ್ಲಿ ಯಾರಿಗೂ ತೊಡಕಿಲ್ಲ: ಸರಣಿಯಲ್ಲಿರುವ ರೋಧಕಗಳು ವೋಲ್ಟೇಜನ್ನು ತಮ್ಮ ರೋಧದ ಅನುಪಾತದಲ್ಲಿ ಹಂಚಿಕೊಳ್ಳುತ್ತವೆ. 12 ವೋಲ್ಟ್ ಪೂರೈಕೆಗೆ ಮೇಲೆ 10 ಕಿಲೋಓಮ್, ಕೆಳಗೆ 20 ಕಿಲೋಓಮ್ ಇದ್ದರೆ ಕೆಳಗಿನದರ ಪಾಲು 12 × 20 ÷ 30, ಅಂದರೆ 8 ವೋಲ್ಟ್.

ಎಡವಟ್ಟಾಗುವುದು ಇದರ ಮುಂದೆ. ಕೆಳಗಿನ ರೋಧಕಕ್ಕೆ ಸಮಾಂತರವಾಗಿ 20 ಕಿಲೋಓಮಿನ ಲೋಡ್ ಜೋಡಿಸಿದ ಮೇಲೂ ಹಲವರು 8 ವೋಲ್ಟ್ ಎಂದೇ ಬರೆಯುತ್ತಾರೆ. ಹಾಗಲ್ಲ. ಮೊದಲು ಆ ಸಮಾಂತರ ಜೋಡಿಯನ್ನು ಒಂದೇ ರೋಧವಾಗಿ ಬದಲಾಯಿಸಿ: ಎರಡೂ ಸಮವಾಗಿರುವುದರಿಂದ ಒಂದರ ಅರ್ಧ, 10 ಕಿಲೋಓಮ್. ಈಗ ಮೇಲೆ ಹತ್ತು, ಕೆಳಗೆ ಹತ್ತು; ಉತ್ತರ 6 ವೋಲ್ಟ್. ಸೂತ್ರ ಬದಲಾಗಿಲ್ಲ, ಅದರೊಳಗೆ ಹಾಕಬೇಕಾದ ಸಂಖ್ಯೆ ಬದಲಾಗಿದೆ.

ಮೀಟರ್ ಕೂಡ ಲೋಡೇ ಎಂಬುದನ್ನು ಮರೆಯಬೇಡಿ. ಬಹಳಷ್ಟು ಡಿಜಿಟಲ್ ಮಲ್ಟಿಮೀಟರುಗಳ ಒಳರೋಧ ಸುಮಾರು 10 ಮೆಗಾಓಮ್. ಮೇಲಿನ ಮಂಡಲಕ್ಕೆ ಅದು ಲೆಕ್ಕಕ್ಕಿಲ್ಲ. ಆದರೆ ತಲಾ 10 ಮೆಗಾಓಮಿನ ಎರಡು ರೋಧಕಗಳಿಗೆ 9 ವೋಲ್ಟ್ ಕೊಟ್ಟು ಕೆಳಗಿನದರ ಪಾಲನ್ನು ಅಳೆದು ನೋಡಿ. ಕಾಗದದ ಮೇಲೆ 4.5 ವೋಲ್ಟ್, ಮೀಟರಿನಲ್ಲಿ ಹತ್ತಿರಹತ್ತಿರ 3. ಆಗ ಪಾಪ, ಬೈಗುಳವೆಲ್ಲ ಬ್ಯಾಟರಿಗೆ!

ಹಾಗೆಂದು ರೋಧಗಳನ್ನು ತೀರಾ ಕಡಿಮೆ ಇಟ್ಟರೆ ವಿದ್ಯುತ್ತು ಸುಮ್ಮನೆ ಶಾಖವಾಗಿ ಪೋಲಾಗುತ್ತದೆ. ಕೆಳಗಿನ ರೋಧವು ಲೋಡಿನ ಹತ್ತನೇ ಒಂದು ಭಾಗದಷ್ಟಿದ್ದರೆ ಸಾಮಾನ್ಯವಾಗಿ ಸಾಕು.

ಇನ್ನು ಮುಂದೆ ಪ್ರಶ್ನೆ ಕಳುಹಿಸುವವರು ಲೋಡಿನ ರೋಧವನ್ನೂ ಚಿತ್ರದಲ್ಲಿ ಗುರುತಿಸಿ ಕಳುಹಿಸಿ.