ಸೋಲೊ ಅನ್ನೋ ಹೆಸರು ಹೇಗೆ ಬಂತು ಅಂತ ಕೇಳಿದವರು ಯಾರು?

ಸಂಪಾದಕರೇ,

ಸ್ಟಾರ್ ವಾರ್ಸ್ ಅಭಿಮಾನಿಗಳಿಗೆ ಏನು ಕೊಟ್ಟರೂ ಸಮಾಧಾನವಿಲ್ಲ, ಬರೀ ಗೊಣಗುತ್ತಾರೆ ಅಂತ ನಿಮ್ಮ ಸಿನಿಮಾ ಪುಟದಲ್ಲಿ ಓದಿದೆ. ನಿಜ, ಗೊಣಗುತ್ತೇವೆ. ನಾನೂ ಆ ಗುಂಪಿನವನೇ. ಯಾಕೆ ಗೊಣಗುತ್ತೇವೆ ಅಂತಲೂ ಒಂದಿಷ್ಟು ಕೇಳಿ.

1977ರ ಮೊದಲ ಸಿನಿಮಾದಲ್ಲಿ ಮುದುಕ ಯೋಧ ಓಬಿ-ವಾನ್, ತಾನು ಕ್ಲೋನ್ ಯುದ್ಧಗಳಲ್ಲಿ ಹೋರಾಡಿದವನು ಅಂತ ಕಥಾನಾಯಕ ಲ್ಯೂಕ್‌ಗೆ ಹೇಳುತ್ತಾನೆ. ಅಷ್ಟೇ. ಯಾರು ಆ ಕ್ಲೋನ್‌ಗಳು, ಯಾರ ಮೇಲೆ ಯುದ್ಧ, ಒಂದೂ ಹೇಳುವುದಿಲ್ಲ. ಆಮೇಲೆ ಕಳ್ಳಸಾಗಣೆದಾರ ಹಾನ್ ಸೋಲೊ ಬರುತ್ತಾನೆ. ನನ್ನ ಅಂತರಿಕ್ಷ ಹಡಗು ಕೆಸೆಲ್ ರನ್ ಅನ್ನೋ ಕಳ್ಳಸಾಗಣೆ ದಾರಿಯನ್ನು 12 ಪಾರ್ಸೆಕ್‌ಗಿಂತ ಕಡಿಮೆಯಲ್ಲಿ ಮುಗಿಸಿದೆ ಅಂತ ಜಂಬ ಕೊಚ್ಚುತ್ತಾನೆ. ಪಾರ್ಸೆಕ್ ಅಂದರೆ ದೂರದ ಅಳತೆ, ಸುಮಾರು 3.26 ಜ್ಯೋತಿರ್ವರ್ಷ, ಅದಕ್ಕೂ ಹೊತ್ತಿಗೂ ಸಂಬಂಧವಿಲ್ಲ. ಇವನು ಸುಮ್ನೆ ಬುರುಡೆ ಬಿಡುತ್ತಿದ್ದಾನೆ ಅಂದುಕೊಂಡು ನಾನು ಎಷ್ಟೋ ವರ್ಷ ನಕ್ಕಿದ್ದೇನೆ. ಆ ಹೊತ್ತಿನ ಓಬಿ-ವಾನ್ ಮುಖ ನೋಡಿ, ಅವನಿಗೂ ಹಾಗೇ ಅನ್ನಿಸಿದಂತಿದೆ.

2018ರಲ್ಲಿ ಅದಕ್ಕೇ ಒಂದು ಸಿನಿಮಾ ಬಂತು. ಬುರುಡೆಯಲ್ಲ, ಒಳದಾರಿ ಹಿಡಿದು ದೂರ ಕಡಿಮೆ ಮಾಡಿದ್ದನಂತೆ. ಅದೂ ಸಾಲದು ಅಂತ, ಸೈನ್ಯಕ್ಕೆ ಸೇರಿಸಿಕೊಳ್ಳುವ ಅಧಿಕಾರಿ ಅವನನ್ನು ನಿನ್ನ ಕಡೆಯವರು ಯಾರಪ್ಪ ಅಂತ ಕೇಳುತ್ತಾನೆ, ಯಾರೂ ಇಲ್ಲ, ಒಬ್ಬನೇ ಅಂತಾನೆ ಹಾನ್, ಅಧಿಕಾರಿ ಒಂದು ಗಳಿಗೆ ಯೋಚಿಸಿ ‘ಸೋಲೊ’ ಅಂತ ಬರೆದುಕೊಳ್ಳುತ್ತಾನೆ. ಇದನ್ನು ಯಾರು ಕೇಳಿದ್ದರು?

ಡಿಸ್ನಿಯವರು 2012ರಲ್ಲಿ ಕೊಂಡುಕೊಂಡ ಮೇಲೇ ಎಲ್ಲ ಕೆಟ್ಟಿತು ಅನ್ನುವವರಿದ್ದಾರೆ. ನಾನು ಒಪ್ಪಲ್ಲ. 1999ರಲ್ಲಿ, ಒಬ್ಬ ಹುಡುಗನಲ್ಲಿ ‘ಫೋರ್ಸ್’ ಅನ್ನೋ ಅಗೋಚರ ಶಕ್ತಿ ಎಷ್ಟಿದೆ ಅಂತ ತಿಳಿಯಲು ಶುಗರ್ ನೋಡಿದ ಹಾಗೆ ರಕ್ತ ಪರೀಕ್ಷೆ ಮಾಡಿಸಿದ್ದು ಸ್ಟಾರ್ ವಾರ್ಸ್ ಹುಟ್ಟುಹಾಕಿದ ಸ್ವತಃ ಜಾರ್ಜ್ ಲ್ಯೂಕಸ್. ತಮಾಷೆ ಏನು ಗೊತ್ತಾ, ಬೇಡದ ಕಡೆಯೆಲ್ಲ ವಿವರ ಕೊಟ್ಟವರು ಬೇಕಾದ ಕಡೆ ಕೊಡಲಿಲ್ಲ. 1983ರ ಸಿನಿಮಾದಲ್ಲಿ ಸತ್ತ ಖಳ ಚಕ್ರವರ್ತಿ ಪಾಲ್ಪಟೀನ್ 2019ರ ಸಿನಿಮಾದಲ್ಲಿ ಎದ್ದು ಬಂದ. ಹೇಗೆ? ‘ಹೇಗೋ ವಾಪಸ್ ಬಂದಿದ್ದಾನೆ’ ಅಂತ ಒಂದು ಪಾತ್ರದ ಬಾಯಲ್ಲಿ ಹೇಳಿಸಿ ಕೈ ತೊಳೆದುಕೊಂಡರು.

ಕಥೆಯಲ್ಲಿ ಹೇಳದೆ ಬಿಟ್ಟ ಖಾಲಿ ಜಾಗ ಖಾಲಿಯಾಗೇ ಇರಲಿ ಅಂತ ಇಷ್ಟು ವರ್ಷ ವಾದ ಮಾಡಿದೆ. ಆಮೇಲೆ ‘ಆಂಡೋರ್’ ಅನ್ನೋ ಸ್ಟಾರ್ ವಾರ್ಸ್ ಸೀರೀಸ್ ನೋಡಿದೆ. ವಾದ ಅಲ್ಲಿಗೆ ಬಿತ್ತು.

ಯಾಕೆಂದರೆ ಅದೂ ಹುಟ್ಟಿದ್ದು ಅಂಥದ್ದೇ ಒಂದು ಖಾಲಿ ಜಾಗದಲ್ಲಿ. 1977ರ ಸಿನಿಮಾದ ಶುರುವಿನಲ್ಲಿ ಪರದೆ ಮೇಲೆ ಹರಿದು ಹೋಗುವ ಅಕ್ಷರಗಳಲ್ಲಿ, ಬಂಡಾಯಗಾರರ ಗೂಢಚಾರರು ಸಾಮ್ರಾಜ್ಯದ ಮಹಾ ಅಸ್ತ್ರ ಡೆತ್ ಸ್ಟಾರ್‌ನ ನಕ್ಷೆ ಕದ್ದರು ಅಂತ ಒಂದು ಸಾಲಿದೆ. ಅದರಿಂದ 2016ರಲ್ಲಿ ‘ರೋಗ್ ಒನ್’ ಸಿನಿಮಾ ಆಯಿತು, ಅದರಲ್ಲಿನ ಆಂಡೋರ್ ಅನ್ನೋ ಒಬ್ಬನ ಹಿಂದಿನ ಕಥೆ ಹಿಡಿದು ಟೋನಿ ಗಿಲ್‌ರಾಯ್ 2022 ಮತ್ತು 2025ರಲ್ಲಿ ಒಟ್ಟು 24 ಕಂತು ಮಾಡಿದರು. ಸ್ಟಾರ್ ವಾರ್ಸ್‌ನ ಆ ಬೆಳಕಿನ ಕತ್ತಿ, ಲೈಟ್‌ಸೇಬರ್, ಒಂದೇ ಒಂದೂ ಇಲ್ಲ. ಮೊದಲ ಸೀಸನ್ನಿನ ಜೈಲಿನಲ್ಲಿ ಕೈದಿಗಳು ಬರಿಗಾಲಲ್ಲಿ ನಿಂತು ಯಂತ್ರದ ಭಾಗ ಜೋಡಿಸುತ್ತಾರೆ, ಹಿಂದೆ ಬಿದ್ದರೆ ನೆಲದಲ್ಲೇ ಕರೆಂಟ್ ಹೊಡೆಯುತ್ತದೆ. ಅವರು ಜೋಡಿಸಿದ್ದು ಏನು ಅಂತ ಕೊನೆಗೆ ಗೊತ್ತಾದಾಗ ನಾನು ರಿಮೋಟ್ ಹಿಡಿದು ಹಾಗೇ ಕೂತಿದ್ದೆ.

ಆ ಜೈಲಿನ ಮೇಸ್ತ್ರಿ ಕಿನೋ ಲಾಯ್. ಎಲ್ಲರಿಗೂ ಓಡಿ ಅಂತ ಮೈಕಿನಲ್ಲಿ ಕೂಗಿ ಹೇಳಿದವನೇ ಅವನು. ಸುತ್ತ ನೀರು, ಕೈದಿಗಳೆಲ್ಲ ಧುಮುಕುತ್ತಿದ್ದಾರೆ, ಇವನು ಅಂಚಿನಲ್ಲಿ ನಿಂತಿದ್ದಾನೆ. ‘ನನಗೆ ಈಜು ಬರಲ್ಲ’ ಅಂತಾನೆ. ಮುಂದೆ ಏನಾದ ಅಂತ ಎರಡು ಸೀಸನ್ ಮುಗಿದರೂ ತೋರಿಸಲಿಲ್ಲ, ಪುಣ್ಯಾತ್ಮರು.

ನಾಳೆ ಯಾರಾದರೂ ಕಿನೋ ಲಾಯ್ ಬಗ್ಗೆಯೇ ಒಂದು ಸೀರೀಸ್ ಮಾಡುತ್ತಾರೆ ಅನ್ನೋ ಭಯ ನನಗಿದೆ. ಮಾಡಿದರೆ ನಿಮಗೇ ಇನ್ನೊಂದು ಪತ್ರ ಬರೆದು ಬೈಯುತ್ತೇನೆ. ಮೊದಲ ದಿನವೇ ಪೂರ್ತಿ ನೋಡಿ ಮುಗಿಸಿ, ಆಮೇಲೆ.

– ನಿಮ್ಮ ಹಳೆಯ ಓದುಗ